ಮೇಜಿನ ಮೇಲೆ ಬೀದರ ಮುತ್ತಿಗೆ: ಐತಿಹಾಸಿಕ ಕಾಳಗವನ್ನು ಆಟವಾಗಿ ರೂಪಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರದಲ್ಲಿ ಇತಿಹಾಸ ಪಾಠ ಹೇಳುವ ನಾನು ಮತ್ತು ನನ್ನ ಕೆಲವು ಗೆಳೆಯರು ಭಾನುವಾರಗಳಂದು ಕೂಡಿ ಆಡಲು 1657ರ ಬೀದರ ಕೋಟೆಯ ಮುತ್ತಿಗೆಯನ್ನು ಮೇಜಿನ ಮೇಲಿನ ಯುದ್ಧದ ಆಟವಾಗಿ ರೂಪಿಸಿದ್ದೇವೆ. ಕಲಬುರಗಿ, ಯಾದಗಿರಿ ಕಡೆಯ ಆಸಕ್ತರು ತಮ್ಮ ಊರಿನ ಕಾಳಗಗಳನ್ನು ಹೀಗೆಯೇ ರೂಪಿಸಬೇಕೆಂದು ಬಯಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ನಾವು ಕೊಡುತ್ತ ಬಂದಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಚದುರಂಗವೂ ಯುದ್ಧದ ಆಟವೇ ತಾನೇ? ಇದು ಅದಕ್ಕಿಂತ ಹೇಗೆ ಬೇರೆ?

ಚದುರಂಗದಲ್ಲಿ ಆನೆ, ಕುದುರೆ, ಕಾಲಾಳು ಇವೆಯಾದರೂ ಅಲ್ಲಿ ಊರಿಲ್ಲ, ನೆಲವಿಲ್ಲ, ತಿಥಿಯಿಲ್ಲ. ಎರಡೂ ಕಡೆಯ ಬಲ ಸಮ. ಐತಿಹಾಸಿಕ ಯುದ್ಧದ ಆಟದಲ್ಲಿ ಒಂದು ನಿರ್ದಿಷ್ಟ ಜಾಗ, ನಿರ್ದಿಷ್ಟ ದಿನಗಳು, ನಿರ್ದಿಷ್ಟ ಸೇನಾಪತಿಗಳು ಮತ್ತು ಸಮವಲ್ಲದ ಬಲ ಇರುತ್ತವೆ. ಆ ಜಾಗ, ದಿನ, ಬಲ, ನಿಯಮ, ಗೆಲುವಿನ ಷರತ್ತು ಎಲ್ಲವನ್ನೂ ಸೇರಿಸಿ ಹೆಣೆದ ಒಂದು ಘಟಕಕ್ಕೆ ಆಟಗಾರರು ಸಿನಾರಿಯೋ ಎನ್ನುತ್ತಾರೆ. ಬಯಲಾಟ ನೋಡಿ ಬೆಳೆದ ನಮಗೆ ಅದನ್ನು ಪ್ರಸಂಗ ಎಂದು ಕರೆಯುವುದೇ ಸಹಜವೆನಿಸಿತು. ಈ ಬರಹದಲ್ಲಿ ಅದೇ ಮಾತನ್ನು ಬಳಸಿದ್ದೇನೆ. ಆಟದ ಒಂದು ಸುತ್ತಿಗೆ ಪಾಳಿ ಎಂದೂ ಸೈನಿಕರ ಗುರುತಿಗೆ ಕಾಯಿ ಎಂದೂ ಹೇಳುತ್ತೇವೆ.

ಯಾವ ಯುದ್ಧವನ್ನು ಆರಿಸಿಕೊಳ್ಳಬೇಕು?

ಹೊಸಬರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು 1565ರ ಜನವರಿ 23ರ ರಕ್ಕಸಗಿ-ತಂಗಡಗಿ ಕಾಳಗಕ್ಕೆ. ಮೊದಲ ಪ್ರಸಂಗಕ್ಕೆ ಅದು ಬೇಡವೆನ್ನುವುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಸೇನೆಗಳು ಬಹು ದೊಡ್ಡವು, ಸುಲ್ತಾನರೇ ಹಲವರು, ಒಂದೊಂದು ಘಟನೆಗೂ ಎರಡು ಮೂರು ಕಥನಗಳು. ಕಾಯಿಗಳನ್ನು ಜೋಡಿಸುವುದರಲ್ಲಿಯೇ ಸಂಜೆಯಾಗುತ್ತದೆ. ಆಟಕ್ಕೆ ಒದಗುವ ಯುದ್ಧದಲ್ಲಿ ಮೂರು ಗುಣಗಳನ್ನು ನೋಡಬೇಕು: ಜಾಗ ಚಿಕ್ಕದಾಗಿರಬೇಕು, ಇಬ್ಬರು ಸೇನಾಪತಿಗಳಿಗೂ ಕಷ್ಟದ ಆಯ್ಕೆಗಳು ಇದ್ದಿರಬೇಕು, ಮತ್ತು ನೀವು ಆ ನೆಲದ ಮೇಲೆ ನಡೆದು ಬರುವಂತಿರಬೇಕು. ಮೂರನೆಯದನ್ನು ಹಲವರು ಲಘುವಾಗಿ ಎಣಿಸುತ್ತಾರೆ. ನನಗೆ ಅದೇ ಮೊದಲನೆಯದು.

ಬೀದರ ಮುತ್ತಿಗೆಯಲ್ಲಿ ಈ ಮೂರೂ ಇವೆ. 1656ರ ನವೆಂಬರಿನಲ್ಲಿ ಬಿಜಾಪುರದ ಮುಹಮ್ಮದ್ ಆದಿಲ್ ಷಾ ತೀರಿಕೊಂಡು ಎರಡನೇ ಅಲಿ ಆದಿಲ್ ಷಾ ಪಟ್ಟಕ್ಕೆ ಬಂದಾಗ, ದಖ್ಖನಿನಲ್ಲಿ ಮೊಗಲರ ಸುಬೇದಾರನಾಗಿದ್ದ ರಾಜಕುಮಾರ ಔರಂಗಜೇಬನು ಆ ಸಮಯವನ್ನು ಬಳಸಿಕೊಂಡು ದಂಡೆತ್ತಿ ಬಂದನು. ಗೋಲ್ಕೊಂಡದ ಸೇವೆ ಬಿಟ್ಟು ಮೊಗಲರನ್ನು ಸೇರಿದ್ದ ಮೀರ್ ಜುಮ್ಲಾನ ತೋಪುಗಳು ಅವನೊಂದಿಗಿದ್ದವು. ಆಗ ಬಿಜಾಪುರದ ವಶದಲ್ಲಿದ್ದ ಬೀದರ ಕೋಟೆಯೊಳಗೆ ಕಿಲ್ಲೇದಾರನಾಗಿ ಇದ್ದವನು ಹಬಸಿ, ಅಂದರೆ ಆಫ್ರಿಕಾ ಮೂಲದ ಸಿದ್ದಿ ಮರ್ಜಾನ್. 1657ರ ಮಾರ್ಚಿ ತಿಂಗಳಲ್ಲಿ 27 ದಿನ ನಡೆದ ಆ ಮುತ್ತಿಗೆ ಮಾರ್ಚಿ 29ರ ಲಗ್ಗೆಯೊಂದಿಗೆ ಮುಗಿಯಿತು. ಒಂದು ಕೋಟೆ, ಇಬ್ಬರು ಎದುರಾಳಿಗಳು, ಒಂದು ತಿಂಗಳಿಗೂ ಕಡಿಮೆ ಅವಧಿ: ಮೇಜಿಗೆ ಇದಕ್ಕಿಂತ ಹೊಂದುವ ಅಳತೆ ಸಿಗುವುದು ಕಷ್ಟ.

ಹಳೆಯ ಬರಹಗಳಲ್ಲಿನ ಸೇನಾಸಂಖ್ಯೆಯನ್ನು ಹಾಗೆಯೇ ನಂಬಬಹುದೇ?

ನಂಬುವ ಮೊದಲು ಬರೆದವನು ಯಾರ ಕಡೆಯವನು, ಎಣಿಸಿದ್ದು ಏನನ್ನು ಎಂದು ಕೇಳಿಕೊಳ್ಳಬೇಕು. 1520ರ ರಾಯಚೂರು ಯುದ್ಧಕ್ಕೆ ಹೊರಟ ಕೃಷ್ಣದೇವರಾಯನ ಸೇನೆಯ ಬಗ್ಗೆ ಪೋರ್ಚುಗೀಸ್ ಬರಹಗಾರ ನೂನಿಜ್ ಕೊಡುವ ಅಂಕಿಗಳನ್ನು ಕೂಡಿದರೆ 7 ಲಕ್ಷಕ್ಕೂ ಮಿಕ್ಕಿದ ಕಾಲಾಳು, 32,600 ಕುದುರೆ ಮತ್ತು 551 ಆನೆಗಳಾಗುತ್ತವೆ. ಅಷ್ಟು ಜನ ಒಂದೇ ದಾರಿಯಲ್ಲಿ ನಡೆದರೆ ನೀರು ಎಲ್ಲಿಂದ, ಮೇವು ಎಲ್ಲಿಂದ ಎಂದು ಲೆಕ್ಕ ಹಾಕಿ ನೋಡಿ. ಮೇ ತಿಂಗಳ ರಾಯಚೂರನ್ನು ಕಂಡವರಿಗೆ ಆ ಅನುಮಾನ ಬಾರದೆ ಇರದು.

ಬೀದರದ ವಿಷಯದಲ್ಲಿ ಮೊಗಲರ ಕಡೆಯ ಕಥನಗಳು ಸಿದ್ದಿ ಮರ್ಜಾನನ ಬಳಿ 1,000 ರಾವುತರು ಮತ್ತು 4,000 ಕಾಲಾಳುಗಳಿದ್ದರೆಂದು ಹೇಳುತ್ತವೆ. ಗೆದ್ದವರಿಗೆ ಸೋತವರ ಬಲವನ್ನು ಹಿಗ್ಗಿಸಿ ಹೇಳುವ ಆಸೆ ಇರುತ್ತದೆಂಬುದನ್ನು ಒಪ್ಪಿದರೂ, ಅಷ್ಟು ದೊಡ್ಡ ಕೋಟೆಗೋಡೆಯನ್ನು ಕಾಯಲು 5,000 ಜನ ಹೆಚ್ಚೇನೂ ಅಲ್ಲವಾದ್ದರಿಂದ ನಾವು ಆ ಸಂಖ್ಯೆಯನ್ನು ಇಟ್ಟುಕೊಂಡೆವು. ಒಂದು ಕಾಯಿಗೆ 250 ಜನ ಎಂದು ಹಿಡಿದರೆ 4 ರಾವುತ ಕಾಯಿ, 16 ಕಾಲಾಳು ಕಾಯಿ, ಒಟ್ಟು 20 ಕಾಯಿಗಳಾಗುತ್ತವೆ. ಒಬ್ಬ ಆಟಗಾರ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಮೊತ್ತ ಅದು.

ಮೊಗಲರ ಕಡೆಗೆ ಬೇರೆ ದಾರಿ ಹಿಡಿದೆವು. ಅವರ ಇಡೀ ದಂಡು ಎಷ್ಟು ಎಂಬುದಕ್ಕಿಂತ ಕಂದಕದ ಅಂಚಿನಲ್ಲಿ ಒಂದೇ ಹೊತ್ತಿಗೆ ಎಷ್ಟು ಜನ ನಿಲ್ಲಲು ಸಾಧ್ಯ ಎಂಬುದೇ ಮುತ್ತಿಗೆಯಲ್ಲಿ ಮುಖ್ಯ. ಹಾಗಾಗಿ ಮೇಜಿನ ಮೇಲೆ ಯಾವಾಗಲೂ 32 ಕಾಯಿಗಳಿಗೆ ಮಿತಿ ಹಾಕಿ, ಕಳೆದುಕೊಂಡ ಕಾಯಿಗಳು ಎರಡು ಪಾಳಿಗಳ ನಂತರ ಬಿಡಾರದಿಂದ ಮತ್ತೆ ಬರುವಂತೆ ಮಾಡಿದೆವು. ಈ 32 ಎಂಬುದು ಆಟದ ಅಂಕಿ. ನಿಯಮದ ಹಾಳೆಯಲ್ಲಿಯೂ ಹಾಗೆಂದು ಸ್ಪಷ್ಟವಾಗಿ ಬರೆದಿದ್ದೇವೆ. ಯಾವುದು ಬರಹದಿಂದ ಬಂದದ್ದು, ಯಾವುದು ಆಟಕ್ಕಾಗಿ ಕಟ್ಟಿದ್ದು ಎಂಬುದನ್ನು ಬೇರೆ ಬೇರೆ ಶಾಯಿಯಲ್ಲಿ ಬರೆದಿಡುವ ಅಭ್ಯಾಸವನ್ನು ಎಲ್ಲರಿಗೂ ಹೇಳುತ್ತೇನೆ. ಆರು ತಿಂಗಳ ನಂತರ ನಿಮಗೇ ಅದು ಮರೆತುಹೋಗಿರುತ್ತದೆ.

ನಕ್ಷೆಯನ್ನು ಹೇಗೆ ಮಾಡಬೇಕು? ಇಡೀ ಕೋಟೆಯನ್ನು ಕಟ್ಟಬೇಕೇ?

ಬೇಡ. ಹಳೆಯ ಕಥನಗಳ ಪ್ರಕಾರ ಬೀದರ ಕೋಟೆಗೋಡೆಯ ಸುತ್ತಳತೆ 4,500 ಗಜ, ಎತ್ತರ 12 ಗಜ, ಕಂದಕಗಳು 25 ಗಜ ಅಗಲ ಮತ್ತು 15 ಗಜ ಆಳ. ಒಂದು ಸೆಂಟಿಮೀಟರಿಗೆ 5 ಗಜದ ಪ್ರಮಾಣ ಹಿಡಿದರೆ ಇಡೀ ಗೋಡೆಯನ್ನು ಕಟ್ಟಲು 9 ಮೀಟರ್ ಉದ್ದದ ಥರ್ಮಾಕೋಲ್ ಬೇಕಾಗುತ್ತದೆ! ಮೇಲಾಗಿ ಕೋಟೆ ನಿಂತಿರುವುದು ಪ್ರಸ್ಥಭೂಮಿಯ ಅಂಚಿನಲ್ಲಿ. ಕೆಲವು ಕಡೆ ನೆಲವೇ ಕಡಿದು ಇಳಿದಿರುವುದರಿಂದ ಅಲ್ಲಿ ಲಗ್ಗೆ ಹತ್ತುವ ಮಾತೇ ಬರುವುದಿಲ್ಲ. ಊರಿನ ಕಡೆ ಸಮತಟ್ಟಾದ ನೆಲವಿದೆ, ಆದ್ದರಿಂದಲೇ ಬಹಮನಿಗಳು ಅಲ್ಲಿ ಬಂಡೆಯನ್ನು ಕಡಿದು ಸಾಲಾಗಿ ಮೂರು ಕಂದಕಗಳನ್ನು ತೋಡಿದರು. ಆಟದ ಜೀವ ಇರುವುದು ಆ ಬದಿಯಲ್ಲಿ. ನಾವು 4 ಅಡಿ ಉದ್ದ, 3 ಅಡಿ ಅಗಲದ ಹಲಗೆಯ ಮೇಲೆ ಆ ಒಂದು ಬದಿಯ ಸುಮಾರು 600 ಗಜದಷ್ಟನ್ನು ಮಾತ್ರ ಕಟ್ಟಿದ್ದೇವೆ. ಆ ಪ್ರಮಾಣದಲ್ಲಿ ಒಂದು ಕಂದಕ 5 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಆಳ. ಗೋಡೆ ಎರಡೂವರೆ ಸೆಂಟಿಮೀಟರಿಗೆ ತುಸು ಕಡಿಮೆ.

ನಕ್ಷೆ ಬರೆಯುವ ಮೊದಲು ಜಾಗಕ್ಕೆ ಹೋಗಿ ನಿಲ್ಲಬೇಕು. ಕಂದಕದ ಅಂಚಿನಲ್ಲಿ ನಿಂತು ನೋಡಿದರೆ, ಮೂರು ಕಂದಕಗಳ ನಡುವೆ ಕಡಿಯದೆ ಬಿಟ್ಟ ಬಂಡೆಯ ಎರಡು ಗೋಡೆಗಳು ಒಂದರ ಹಿಂದೊಂದು ಎದ್ದು ನಿಂತಿರುವುದು ಕಾಣುತ್ತದೆ. ಕೆಂಪು ಮುರಕಲ್ಲಿನ ಮೇಲೆ ಉಳಿಯ ಏಟುಗಳ ಒರಟು ಇನ್ನೂ ಇದೆ. ಆ ನಡುಗೋಡೆಗಳನ್ನು ಕಂಡ ಮೇಲೆ ನಮ್ಮ ನಿಯಮವೇ ಬದಲಾಯಿತು: ಮೊದಲನೆಯ ಕಂದಕ ದಾಟಿದ ಕಾಯಿ ಮುಂದಕ್ಕೂ ಓಡಲಾರದು, ಸುಲಭವಾಗಿ ಹಿಂದಕ್ಕೂ ಬರಲಾರದು, ಬುರುಜಿನ ಮೇಲಿನ ಬಂದೂಕಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ನಕ್ಷೆಯ ಕಾಗದದಲ್ಲಿ ಅದು ಮೂರು ಗೆರೆಗಳಾಗಿಯಷ್ಟೇ ಕಾಣುತ್ತಿತ್ತು.

ಒಂದು ಪಾಳಿಗೆ ಎಷ್ಟು ಕಾಲ ಹಿಡಿಯಬೇಕು?

ಮುತ್ತಿಗೆ ನಡೆದ 27 ದಿನಗಳನ್ನು ಮೂರು ಮೂರು ದಿನಗಳಾಗಿ ಭಾಗಿಸಿದರೆ 9 ಪಾಳಿಗಳಾಗುತ್ತವೆ. ಒಂದು ಪಾಳಿ ಆಡಲು ಹದಿನೈದು ನಿಮಿಷ ಎಂದರೂ ಊಟದ ನಂತರ ಕುಳಿತವರು ಸಂಜೆಯ ಚಹಾ ಹೊತ್ತಿಗೆ ಮುಗಿಸಬಹುದು. ಬಯಲಿನ ಕಾಳಗವಾದರೆ ಪಾಳಿಗೆ ನಿಜವಾದ ಕಾಳಗದ ಅರ್ಧ ಗಂಟೆ ಹಿಡಿಯುವುದು ಸರಿಹೋಗುತ್ತದೆ.

ಬಲ ಸಮವಿಲ್ಲದಿದ್ದರೆ ಆಟ ನ್ಯಾಯವಾಗುವುದು ಹೇಗೆ? ಕೋಟೆಯೊಳಗಿನವನು ಸೋಲಲೇಬೇಕಲ್ಲವೇ?

ಇದಕ್ಕೆ ಉತ್ತರ ನಮ್ಮ ಅಜ್ಜಿಯರ ಕಾಲದಿಂದಲೇ ಇದೆ. ಆಡು-ಹುಲಿ ಆಟದಲ್ಲಿ ಹುಲಿಗಳು ಮೂರು, ಆಡುಗಳು ಹದಿನೈದು. ಹುಲಿಗೆ ಆಡುಗಳನ್ನು ಹಾರಿ ತಿನ್ನುವುದು ಗೆಲುವು. ಆಡಿಗೆ ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕುವುದು ಗೆಲುವು. ಬಲವೂ ಬೇರೆ, ನಡೆಯೂ ಬೇರೆ, ಗುರಿಯೂ ಬೇರೆ, ಆದರೂ ದೇವಸ್ಥಾನದ ಕಲ್ಲುಹಾಸಿನ ಮೇಲೆ ಕುಳಿತ ಇಬ್ಬರಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಲಾಗುವುದಿಲ್ಲ. ಪ್ರಸಂಗ ರಚಿಸುವವರು ಕಾಯಿಗಳನ್ನು ಸಮ ಮಾಡಲು ಹೋಗದೆ ಗೆಲುವಿನ ಷರತ್ತುಗಳನ್ನು ತೂಗಬೇಕು.

ನಮ್ಮ ಪ್ರಸಂಗದಲ್ಲಿ ಕಿಲ್ಲೇದಾರನಿಗೆ ಮೊಗಲರನ್ನು ಓಡಿಸುವ ಹೊಣೆಯಿಲ್ಲ. 12ನೇ ಪಾಳಿಯ ಕೊನೆಗೆ, ಅಂದರೆ ಇತಿಹಾಸದಲ್ಲಿ ಸಿದ್ದಿ ಮರ್ಜಾನ್ ತಡೆದದ್ದಕ್ಕಿಂತ ಮೂರು ಪಾಳಿ ಹೆಚ್ಚು ಕಾಲ ಕೋಟೆ ಅವನ ಕೈಯಲ್ಲಿದ್ದರೆ ಅವನು ಗೆದ್ದಂತೆ. 9ನೇ ಪಾಳಿಯೊಳಗೆ ಕೋಟೆ ಬಿದ್ದರೆ ಮೊಗಲರಿಗೆ ಪೂರ್ಣ ಗೆಲುವು, 10ರಿಂದ 12ರೊಳಗೆ ಬಿದ್ದರೆ ಅರೆಗೆಲುವು. ಕಾಲಕ್ಕೆ ಇಷ್ಟು ಬೆಲೆ ಕೊಟ್ಟದ್ದಕ್ಕೆ ಕಾರಣವಿದೆ. ಬೀದರ ಕೈವಶವಾದ ಕೂಡಲೇ ಔರಂಗಜೇಬನು ಮಹಾಬತ್ ಖಾನನನ್ನು 15,000 ಸವಾರರೊಂದಿಗೆ ಕಲ್ಯಾಣ, ಕಲಬುರಗಿಗಳ ಕಡೆಗೆ ಕಳುಹಿಸಿದನು. ನಂತರ ಇಂದಿನ ಬಸವಕಲ್ಯಾಣದ ಕೋಟೆಗೆ ಮುತ್ತಿಗೆ ಹಾಕಿ, ಅದನ್ನು ಹಿಡಿಯುವ ಹೊತ್ತಿಗೆ ಆಗಸ್ಟ್ ಬಂದಿತ್ತು. ಬೀದರ ಇನ್ನಷ್ಟು ದಿನ ನಿಂತಿದ್ದರೆ ಆ ದಂಡಯಾತ್ರೆಯ ಲೆಕ್ಕವೆಲ್ಲ ಮುಂಗಾರಿನೊಳಕ್ಕೆ ಜಾರುತ್ತಿತ್ತು. ಕೋಟೆಯೊಳಗಿನವನ ಪಾಲಿಗೆ ಒಂದೊಂದು ದಿನವೂ ಗಳಿಕೆಯೇ.

ನಿಜವಾದ ಮುತ್ತಿಗೆಯನ್ನು ಮುಗಿಸಿದ್ದು ಮದ್ದಿನ ಸ್ಫೋಟ. ಅದನ್ನು ಆಟದಲ್ಲಿ ಹೇಗೆ ತರುವುದು?

ಎಲ್ಲ ಪ್ರಶ್ನೆಗಳ ಪೈಕಿ ನನಗೆ ಅತ್ಯಂತ ಪ್ರಿಯವಾದದ್ದು ಇದು, ಮತ್ತು ನಾವು ಅತಿ ಹೆಚ್ಚು ಚರ್ಚಿಸಿದ್ದೂ ಇದನ್ನೇ. ಮೀರ್ ಜುಮ್ಲಾನ ತೋಪುಗಳು ಎರಡು ಬುರುಜುಗಳನ್ನೂ ಕೆಳಗಿನ ಗೋಡೆಯ ತೆನೆಗಳನ್ನೂ ಕೆಡವಿದ ನಂತರ ಮಾರ್ಚಿ 29ರಂದು ಲಗ್ಗೆ ನಡೆಯಿತು. ಸಿದ್ದಿ ಮರ್ಜಾನ್ ತನ್ನ ಮಕ್ಕಳೊಂದಿಗೆ ಬುರುಜಿನ ಬಳಿಯೇ ನಿಂತಿದ್ದ. ಮೊಗಲರ ಕಡೆಯಿಂದ ಬಂದ ಬಾಣದ (ಮದ್ದು ತುಂಬಿ ಹಾರಿಸುವ ರಾಕೆಟ್ಟಿನ) ಕಿಡಿಯೊಂದು ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದು ಮತ್ತು ಕೈಗುಂಡುಗಳ ಮೇಲೆ ಬಿದ್ದು ಎಲ್ಲವೂ ಒಮ್ಮೆಲೇ ಸಿಡಿಯಿತು. ಕಿಲ್ಲೇದಾರನೂ ಅವನ ಇಬ್ಬರು ಮಕ್ಕಳೂ ತೀವ್ರವಾಗಿ ಸುಟ್ಟುಕೊಂಡರು. ಸಾಯುವ ಹಾಸಿಗೆಯಿಂದ ಅವನು ತನ್ನ ಮಕ್ಕಳ ಕೈಯಲ್ಲಿ ಕೋಟೆಯ ಬೀಗದ ಕೈಗಳನ್ನು ಕಳುಹಿಸಿದನು.

ಪ್ರಸಂಗ ಬರೆಯುವವರ ಮುಂದೆ ಇಲ್ಲಿ ಎರಡು ಸುಲಭದ ದಾರಿಗಳಿವೆ. 9ನೇ ಪಾಳಿಯಲ್ಲಿ ಸ್ಫೋಟ ಆಗಿಯೇ ತೀರುತ್ತದೆ ಎಂದು ಬರೆದುಬಿಡಬಹುದು. ಆಗ ಕಿಲ್ಲೇದಾರನಾಗಿ ಆಡುವವನು ಎಂಟು ಪಾಳಿಗಳ ಕಾಲ ಏನು ಮಾಡಿದರೂ ವ್ಯರ್ಥ. ಇಲ್ಲವೇ ಪ್ರತಿ ಪಾಳಿಗೆ ದಾಳ ಉರುಳಿಸಿ, ಇಂತಿಷ್ಟು ಬಿದ್ದರೆ ಸ್ಫೋಟ ಎನ್ನಬಹುದು. ಆಗ ಗೆಲುವು ಸೋಲು ಕೇವಲ ಅದೃಷ್ಟದ ಮಾತಾಗುತ್ತದೆ. ಎರಡನ್ನೂ ಆಡಿ ನೋಡಿ ಕೈಬಿಟ್ಟೆವು. ಆ ದಿನ ಮದ್ದು ಬುರುಜಿನ ಹಿಂದೆ ಏಕೆ ಇತ್ತು? ತೋಪು ಬಂದೂಕುಗಳಿಗೆ ಬೇಗ ಬೇಗ ಮದ್ದು ತುಂಬಲು ಅದು ಹತ್ತಿರವಿರಬೇಕಿತ್ತು. ಕಿಲ್ಲೇದಾರ ಅಲ್ಲಿ ಏಕೆ ನಿಂತಿದ್ದ? ಅವನು ಕಣ್ಣ ಮುಂದೆ ಇದ್ದರೆ ಆಳುಗಳು ಜಾಗ ಬಿಡುತ್ತಿರಲಿಲ್ಲ. ಎರಡೂ ತಿಳಿದೇ ಮಾಡಿದ, ಬೆಲೆ ತೆರಬೇಕಾದ ಆಯ್ಕೆಗಳು. ಪ್ರಸಂಗವು ಆಟಗಾರನ ಮುಂದೆ ಇಡಬೇಕಾದದ್ದು ಆ ಆಯ್ಕೆಗಳನ್ನು. ಫಲವನ್ನು ಆಟವೇ ತೋರಿಸಲಿ.

ಆದ್ದರಿಂದ ಈಗಿನ ನಿಯಮ ಹೀಗಿದೆ. ಕಿಲ್ಲೇದಾರನ ಬಳಿ 12 ಮದ್ದಿನ ಗುರುತುಗಳಿರುತ್ತವೆ. ಪ್ರತಿ ಪಾಳಿಯ ಮೊದಲು ಅವುಗಳಲ್ಲಿ ಎಷ್ಟು ಬುರುಜಿನ ಹಿಂದೆ, ಎಷ್ಟು ಒಳಗಿನ ಮದ್ದಿನ ಮನೆಯಲ್ಲಿ ಎಂದು ಅವನು ಗುಟ್ಟಾಗಿ ಚೀಟಿಯಲ್ಲಿ ಬರೆಯುತ್ತಾನೆ. ಬುರುಜಿನ ಹಿಂದಿನ ಒಂದೊಂದು ಗುರುತಿಗೂ ಒಂದು ಹೆಚ್ಚುವರಿ ಗುಂಡಿನ ಸುರಿಮಳೆ ಸಿಗುತ್ತದೆ. ಆದರೆ ಮೊಗಲರ ಬಾಣಗಳು ಆ ಬುರುಜಿಗೆ ತಾಗಿದ ಪಾಳಿಯಲ್ಲಿ ಎರಡು ದಾಳಗಳನ್ನು ಉರುಳಿಸಬೇಕು; ಮೊತ್ತವು ಅಲ್ಲಿರುವ ಗುರುತುಗಳ ಸಂಖ್ಯೆಯಷ್ಟು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಸ್ಫೋಟ. ಎರಡು ಗುರುತುಗಳಿದ್ದರೆ ಅಪಾಯ 36ಕ್ಕೆ 1, ಮೂರಕ್ಕೆ 36ಕ್ಕೆ 3, ನಾಲ್ಕಕ್ಕೆ 36ಕ್ಕೆ 6, ಐದಕ್ಕೆ 36ಕ್ಕೆ 10. ಒಂದೊಂದೇ ಗುರುತು ಹೆಚ್ಚಿಸಿದಂತೆ ಅಪಾಯ ಒಂದೊಂದೇ ಮೆಟ್ಟಿಲು ಏರದೆ ಜಿಗಿಯುತ್ತ ಹೋಗುತ್ತದೆಂಬುದನ್ನು ಗಮನಿಸಿ. ಒಂಬತ್ತು ಪಾಳಿಗಳಲ್ಲಿಯೂ ಬಾಣ ತಾಗಿತೆಂದು ಇಟ್ಟುಕೊಂಡರೆ, ಎರಡೇ ಗುರುತುಗಳನ್ನು ಇಟ್ಟವನಿಗೆ ಒಟ್ಟು ಅಪಾಯ ನೂರಕ್ಕೆ 22ರಷ್ಟು, ನಾಲ್ಕು ಇಟ್ಟವನಿಗೆ ನೂರಕ್ಕೆ 80ರಷ್ಟು. ಕಿಲ್ಲೇದಾರನ ಕಾಯಿ ಬುರುಜಿನಲ್ಲಿದ್ದರೆ ಅಲ್ಲಿನ ಕಾಲಾಳುಗಳು ಹಿಮ್ಮೆಟ್ಟುವುದಿಲ್ಲ. ಸ್ಫೋಟವಾದರೆ ಮಾತ್ರ ಅವನೂ ಹೋಗುತ್ತಾನೆ, ಆ ಪಾಳಿಯಿಂದ ಕೋಟೆಯವರ ಧೈರ್ಯದ ಪರೀಕ್ಷೆ ಆರಂಭವಾಗುತ್ತದೆ.

ಮದ್ದಿನ ಬಲವನ್ನು ಕಣ್ಣಾರೆ ತಿಳಿಯಬೇಕೆನ್ನುವವರು ಮಹಮೂದ್ ಗವಾನ್ ಮದರಸಾದ ಮುಂದೆ ನಿಂತು ನೋಡಬಹುದು. 1472ರಲ್ಲಿ ಕಟ್ಟಿದ ಆ ಕಟ್ಟಡದ ಮುಂಭಾಗದ ಒಂದು ಪಾಲೂ ಎರಡು ಮಿನಾರುಗಳಲ್ಲಿ ಒಂದೂ ಹದಿನೇಳನೇ ಶತಮಾನದ ಕೊನೆಯಲ್ಲಿ, ಬೀದರ ಮೊಗಲರ ಕೈಯಲ್ಲಿದ್ದಾಗ, ಮದ್ದಿನ ಸ್ಫೋಟದಲ್ಲಿಯೇ ಹಾರಿಹೋದವು. ಆಟಕ್ಕೆ ಬರುವ ಮಕ್ಕಳನ್ನು ನಾನು ಮೊದಲು ಅಲ್ಲಿಗೆ ಕರೆದೊಯ್ಯುತ್ತೇನೆ.

ರಾಯಚೂರಿನಲ್ಲಿಯೂ ಇಂಥದೇ ಘಟನೆ ಇದೆಯಂತಲ್ಲ?

ಇದೆ. 1520ರಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಗಾರರು ರಾಯಚೂರು ಕೋಟೆಯ ಮೇಲಿನವರನ್ನು ಗುರಿಯಿಟ್ಟು ಹೊಡೆಯುತ್ತಿದ್ದಾಗ, ಗೋಡೆಯಿಂದ ಬಗ್ಗಿ ನೋಡಿದ ಕೋಟೆಯ ನಾಯಕನೇ ಗುಂಡಿಗೆ ಬಲಿಯಾದನೆಂದು ನೂನಿಜ್ ಬರೆಯುತ್ತಾನೆ; ಆ ಬಳಿಕ ಕೋಟೆ ಶರಣಾಯಿತು. ನಾಯಕ ಎಲ್ಲಿ ನಿಲ್ಲುತ್ತಾನೆ ಎಂಬ ನಿಯಮ ಅಲ್ಲಿಗೂ ಹೊಂದುತ್ತದೆ.

ದಾಳದ ಬದಲು ಕವಡೆ ಬಳಸಬಹುದೇ?

ಬಳಸಬಹುದು, ಆದರೆ ಒಂದು ಎಚ್ಚರಿಕೆ. ದಾಳದ ಆರು ಮುಖಗಳೂ ಸಮವಾಗಿ ಬೀಳುತ್ತವೆ. ಆರು ಕವಡೆಗಳನ್ನು ಎಸೆದಾಗ ಎಷ್ಟು ಬಾಯಿ ಮೇಲಾಗಿ ಬಿದ್ದವೆಂದು ಎಣಿಸಿದರೆ ಮೂರರ ಆಸುಪಾಸಿನ ಎಣಿಕೆಗಳು ಪದೇ ಪದೇ ಬರುತ್ತವೆ, ಆರಕ್ಕೆ ಆರೂ ಬರುವುದು ಅಪರೂಪ. ಅದಕ್ಕಿಂತ ಮುಖ್ಯವಾಗಿ, ಕವಡೆಯ ಬೆನ್ನು ಗುಂಡಗೂ ಬಾಯಿ ಚಪ್ಪಟೆಯಾಗಿಯೂ ಇರುವುದರಿಂದ ಅದು ಎರಡೂ ಕಡೆಗೆ ಸಮವಾಗಿ ಬೀಳುತ್ತದೆಂಬ ಭರವಸೆ ಇಲ್ಲ. ನಿಮ್ಮ ಬಳಿ ಇರುವ ಕವಡೆಗಳನ್ನೇ ಚಾಪೆಯ ಮೇಲೆ ನೂರು ಸಲ ಎಸೆದು, ಬಿದ್ದದ್ದನ್ನು ಬರೆದುಕೊಂಡು, ಆ ಲೆಕ್ಕದ ಮೇಲೆ ನಿಯಮ ಮಾಡಿ. ಚೌಕಾಬಾರ ಆಡಿ ಪಳಗಿದ ಕೈಗಳು ಬೇಕಾದ ಗರ ಬೀಳಿಸಬಲ್ಲವಾದ್ದರಿಂದ, ಬಟ್ಟಲಿನಲ್ಲಿ ಕುಲುಕಿ ಸುರಿಯುವುದನ್ನು ಕಡ್ಡಾಯ ಮಾಡಿ.

ಪರೀಕ್ಷಾ ಆಟ ಎಷ್ಟು ಸಲ ಆಡಬೇಕು?

ಕನಿಷ್ಠ ಹತ್ತು ಸಲ, ಮತ್ತು ಅದರಲ್ಲಿ ಎರಡು ಸಲವಾದರೂ ನೀವು ಬಾಯಿ ಬಿಡದೆ ದೂರ ಕುಳಿತು ನೋಡಬೇಕು. ನೀವು ಹೇಳಿಕೊಡದೆ, ಹಾಳೆಯನ್ನಷ್ಟೇ ಓದಿ ಇಬ್ಬರು ಹೊಸಬರು ಆಡಿ ಮುಗಿಸಿದರೆ ನಿಯಮ ಸರಿಯಾಗಿದೆ ಎಂದರ್ಥ.

ನಮ್ಮ ಮೊದಲ ಆವೃತ್ತಿಯಲ್ಲಿ ಒಂದು ದೊಡ್ಡ ತಪ್ಪಿತ್ತು. ಮೊಗಲ ಕಾಯಿಗಳು ಕಂದಕಕ್ಕೆ ಇಳಿದು, ಒಂದು ಪಾಳಿ ತಡೆದು, ಆಚೆಗೆ ಏರುತ್ತಿದ್ದವು. ಹಾಗಾಗಿ ಆಡಿದ ಆಟಗಳಲ್ಲೆಲ್ಲ ಕೋಟೆ ನಾಲ್ಕನೆಯ ಪಾಳಿಯೊಳಗೆ ಬೀಳುತ್ತಿತ್ತು. ನಾವು ಬಂದೂಕಿನ ಬಲ ಹೆಚ್ಚಿಸುತ್ತ, ಏಣಿ ಕಡಿಮೆ ಮಾಡುತ್ತ ವಾರಗಟ್ಟಲೆ ಕಳೆದೆವು. ಒಂದು ಭಾನುವಾರ ನಮ್ಮ ಪಕ್ಕದ ಮನೆಯ ಕೆಲಸಕ್ಕೆ ಬಂದಿದ್ದ ಹಿರಿಯ ಗೌಂಡಿಯೊಬ್ಬರು ನಿಂತು ನೋಡಿ, "ಏನ್ರೀ ಸರ, ಇಷ್ಟು ಆಳ ತೋಡ್ಯಾರ, ಇದನ್ನ ತುಂಬ್ಲಿಕ್ಕೆ ಮಣ್ಣು ಯಾರು ಹೊತ್ರು?" ಎಂದು ಕೇಳಿದರು. ನಮ್ಮ 32 ಕಾಯಿಗಳಲ್ಲಿ ಬುಟ್ಟಿ ಹೊರುವವನು ಒಬ್ಬನೂ ಇರಲಿಲ್ಲ. ಮುತ್ತಿಗೆಯೆಂದರೆ ಮುಕ್ಕಾಲು ಪಾಲು ಮಣ್ಣಿನ ಕೆಲಸ, ಅದನ್ನು ಮಾಡಿದವರು ಬೇಲ್ದಾರರು ಎಂಬುದು ಓದಿದ್ದ ನಮಗೆ ಹೊಳೆಯದೆ ಕಲ್ಲು ಮಣ್ಣಿನಲ್ಲಿ ದುಡಿದ ಕೈಗೆ ಹೊಳೆಯಿತು.

ಈಗ 32ರಲ್ಲಿ 10 ಕಾಯಿಗಳು ಬೇಲ್ದಾರರು. ಕಂದಕದ ಒಂದೊಂದು ಅಂಕಣ ತುಂಬಲು ಆರು ಬುಟ್ಟಿ ಬೇಕು. ಒಂದು ಬೇಲ್ದಾರ ಕಾಯಿ ಪಾಳಿಗೆ ಒಂದು ಬುಟ್ಟಿ ಹಾಕುತ್ತದೆ, ಅದೂ ಮೇಲಿನಿಂದ ಗುಂಡು ಬೀಳದಿದ್ದರೆ ಮಾತ್ರ. ಬುಟ್ಟಿಯ ಗುರುತಿಗೆ ತೊಗರಿ ಕಾಳು ಬಳಸುತ್ತೇವೆ. ಥರ್ಮಾಕೋಲಿನ ಕಂದಕದಲ್ಲಿ ಒಂದೊಂದೇ ಕೆಂಪು ಕಾಳು ಬಿದ್ದು ಆರಾಗುವುದನ್ನು ಕೋಟೆಯೊಳಗಿನ ಆಟಗಾರ ಉಸಿರು ಬಿಗಿಹಿಡಿದು ನೋಡುತ್ತಾನೆ. ಈ ಒಂದು ಬದಲಾವಣೆಯಿಂದ ಆಟ ಎಂಟು, ಒಂಬತ್ತು, ಹತ್ತನೆಯ ಪಾಳಿಗಳವರೆಗೆ ಹೋಗತೊಡಗಿತು.

ನೀರು, ದವಸ, ರೋಗರುಜಿನ ಇವನ್ನೂ ಸೇರಿಸಬೇಕೇ?

ಆ ಮುತ್ತಿಗೆಯ ತೀರ್ಮಾನದಲ್ಲಿ ಅವುಗಳ ಪಾತ್ರವಿದ್ದರೆ ಮಾತ್ರ ಸೇರಿಸಿ. ಬೀದರ ಬಿದ್ದಾಗ ಮೊಗಲರಿಗೆ 12 ಲಕ್ಷ ರೂಪಾಯಿ ನಗದು, 230 ತೋಪುಗಳು ಮತ್ತು 8 ಲಕ್ಷ ರೂಪಾಯಿ ಬೆಲೆಯ ಮದ್ದುಗುಂಡು, ಧಾನ್ಯ ಮೊದಲಾದವು ಸಿಕ್ಕವೆಂದು ಕಥನಗಳು ಹೇಳುತ್ತವೆ. ಅಷ್ಟು ಸಾಮಗ್ರಿ ಉಳಿದಿದ್ದ ಕೋಟೆ ಹಸಿವಿನಿಂದ ಸೋತಿರಲಾರದು. ಆದ್ದರಿಂದ ನಮ್ಮ ಪ್ರಸಂಗದಲ್ಲಿ ದವಸದ ಲೆಕ್ಕವೇ ಇಲ್ಲ. ಬೀದರದ ಹಳೆಯ ಸುರಂಗ ನೀರಿನ ವ್ಯವಸ್ಥೆ ನನಗೆ ಬಹಳ ಮೆಚ್ಚಿನ ವಿಷಯವಾದರೂ ಅದನ್ನು ಸಹ ಮನಸ್ಸು ಗಟ್ಟಿಮಾಡಿ ಹೊರಗಿಟ್ಟೆ.

ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾಗದಂತೆ ಮಾಡುವುದು ಹೇಗೆ?

ಮೂರನೆಯವರೊಬ್ಬರನ್ನು ಪಂಚರಾಗಿ ಕೂರಿಸಬೇಕು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪ್ರಷ್ಯಾದ ಸೈನಿಕ ಅಧಿಕಾರಿಗಳು ನಕ್ಷೆಯ ಮೇಲೆ ಯುದ್ಧ ಅಭ್ಯಾಸ ಮಾಡುವಾಗಲೂ ತೀರ್ಪುಗಾರರ ಮೂಲಕವೇ ಆಜ್ಞೆಗಳನ್ನು ಕಳುಹಿಸುತ್ತಿದ್ದರು. ನಮ್ಮಲ್ಲಿ ಮದ್ದಿನ ಚೀಟಿ, ಕಿಲ್ಲೇದಾರ ನಿಂತ ಬುರುಜು, ಮೊಗಲರು ಲಗ್ಗೆಗೆ ಆರಿಸಿಕೊಂಡ ಅಂಕಣ ಈ ಮೂರೂ ಪಂಚರ ಕೈಯಲ್ಲಿರುತ್ತವೆ. ಜಗಳ ಬಂದರೆ ಅವರ ಮಾತೇ ಕೊನೆ. ತಾಳ್ಮೆ ಇರುವವರನ್ನು ಆರಿಸಿ.

ಹಲಗೆ, ಕಾಯಿಗಳಿಗೆ ಖರ್ಚು ಹೆಚ್ಚೇ? ಮುರಕಲ್ಲಿನ ಬಣ್ಣ ತರುವುದು ಹೇಗೆ?

ಥರ್ಮಾಕೋಲ್ ಹಲಗೆ, ರಟ್ಟು, ಹಳೆಯ ಬೆಂಕಿಪೆಟ್ಟಿಗೆ, ಫೆವಿಕಾಲ್ ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಬೆಂಕಿಪೆಟ್ಟಿಗೆಗಳನ್ನು ಒಂದರ ಮೇಲೊಂದು ಅಂಟಿಸಿದರೆ ಬುರುಜಿನ ತಿರುಳಾಗುತ್ತದೆ. ಬಣ್ಣಕ್ಕೆ ಪೇಂಟ್ ಬೇಡ: ಬೀದರದ ಕೆಂಪು ಮಣ್ಣನ್ನು ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲ್ ಬಳಿದ ಥರ್ಮಾಕೋಲಿನ ಮೇಲೆ ಉದುರಿಸಿ ಒಂದು ರಾತ್ರಿ ಬಿಟ್ಟರೆ ಸಾಕು, ಮುರಕಲ್ಲಿನ ಬಣ್ಣವೂ ಒರಟೂ ಒಟ್ಟಿಗೆ ಬರುತ್ತವೆ. ಮಣ್ಣನ್ನು ನಿಮ್ಮ ಅಂಗಳದಿಂದಲೋ ಹೊಲದಿಂದಲೋ ತನ್ನಿ. ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಲ್ಲಿಂದ ಒಂದು ಹಿಡಿ ಮಣ್ಣನ್ನಾಗಲಿ ಒಂದು ಚೂರು ಕಲ್ಲನ್ನಾಗಲಿ ತರಕೂಡದು, ಮಕ್ಕಳಿಗೂ ಅದನ್ನು ಮೊದಲೇ ತಿಳಿಸಬೇಕು.

ಇಂಥ ಆಟಗಳು ಇಂದಿನ ಜಾತಿ-ಧರ್ಮದ ಜಗಳಗಳಿಗೆ ಎಡೆಮಾಡಿಕೊಡುವುದಿಲ್ಲವೇ?

ಈ ಆತಂಕ ನಿಜವಾದದ್ದು. ಬೀದರ ಮುತ್ತಿಗೆಯಲ್ಲಿ ಎರಡೂ ಕಡೆಯ ಅರಸರು ಮುಸ್ಲಿಮರು, ಕೋಟೆ ಕಾದವನು ಆಫ್ರಿಕಾ ಮೂಲದವನು. ದಖ್ಖನಿನ ಸೇನೆಗಳಲ್ಲಿ ಎಲ್ಲ ಮತದವರೂ ಎರಡೂ ಕಡೆ ದುಡಿದಿದ್ದಾರೆ. ಇದನ್ನು ಆಟದ ಮೊದಲು ಎರಡು ಮಾತಿನಲ್ಲಿ ಹೇಳುತ್ತೇನೆ. ಕಾಯಿಗಳಿಗೆ ಹಸಿರು, ಕೇಸರಿ ಬಣ್ಣಗಳನ್ನು ಬಳಸುವುದಿಲ್ಲ. ಒಂದು ಕಡೆಗೆ ಕಪ್ಪು, ಇನ್ನೊಂದಕ್ಕೆ ಬೆಳ್ಳಿಯ ಬಣ್ಣ, ಬಿದರಿ ಹೂಜಿಯ ಮೇಲಿರುವಂತೆ. ಪ್ರತಿಯೊಬ್ಬರೂ ಎರಡೂ ಕಡೆಯಿಂದ ಒಮ್ಮೊಮ್ಮೆ ಆಡುವುದು ಕಡ್ಡಾಯ. ಔರಂಗಜೇಬನ ಕಡೆ ಕುಳಿತು ಕಂದಕ ತುಂಬಿದವನೇ ಮರುವಾರ ಸಿದ್ದಿ ಮರ್ಜಾನನಾಗಿ ಮದ್ದು ಎಲ್ಲಿಡಲಿ ಎಂದು ತಲೆ ಕೆಡಿಸಿಕೊಳ್ಳುತ್ತಾನೆ.

ಯಾದಗಿರಿ ಕಡೆಯವರು ಯಾವ ಪ್ರಸಂಗ ರಚಿಸಬಹುದು?

ಸುರಪುರದ ಬಳಿಯ ವಾಗಣಗೇರಾ ಮುತ್ತಿಗೆಯನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಬಹುದಿನಗಳ ಆಸೆ. 1705ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ವೃದ್ಧ ಔರಂಗಜೇಬನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಬೇಡರ ದೊರೆ ಪಿಡ್ಡನಾಯಕನು ಸಂಧಾನದ ಮಾತಿನಲ್ಲಿ ದಿನ ಕಳೆದನು, ಧನಾಜಿ ಜಾಧವನಂಥ ಮರಾಠಾ ಸರದಾರರು ಅವನ ನೆರವಿಗೆ ಬಂದರು, ಕೊನೆಗೆ ಒಂದು ರಾತ್ರಿ ಅವನು ತನ್ನವರೊಂದಿಗೆ ಕೋಟೆ ಬಿಟ್ಟು ಹೊರಟುಹೋದನು. ಮೊಗಲರ ಕೈಗೆ ಸಿಕ್ಕದ್ದು ಬರಿದಾದ ಕೋಟೆ.

ಬೀದರದ ನಿಯಮಗಳನ್ನು ಅಲ್ಲಿಗೆ ಹಾಗೆಯೇ ಎತ್ತಿಕೊಂಡು ಹೋದರೆ ಪ್ರಸಂಗ ಕೆಡುತ್ತದೆ. ಬೀದರದಲ್ಲಿ ಬೆಲೆಬಾಳುವುದು ಕೋಟೆ, ವಾಗಣಗೇರಾದಲ್ಲಿ ನಾಯಕ ಮತ್ತು ಅವನ ಜನ. ಗೆಲುವಿನ ಅಂಕಗಳನ್ನು ಎಷ್ಟು ಬೇಡರ ಕಾಯಿಗಳು ಹಲಗೆಯ ಅಂಚು ದಾಟಿ ಹೊರಗೆ ಹೋದವು ಎಂಬುದರ ಮೇಲೆ ಎಣಿಸಬೇಕು. ಹೊರಡುವ ರಾತ್ರಿ ಯಾವುದೆಂದು ನಾಯಕನಾಗಿ ಆಡುವವನು ಮೊದಲೇ ಚೀಟಿಯಲ್ಲಿ ಬರೆದು ಪಂಚರಿಗೆ ಕೊಡಬೇಕು. ಸಂಧಾನಕ್ಕೂ ಒಂದು ನಿಯಮ ಬೇಕಾಗುತ್ತದೆ: ಮೊಗಲ ಆಟಗಾರನು ಮಾತುಕತೆಗೆ ಒಪ್ಪಿದರೆ ಆ ಪಾಳಿಯಲ್ಲಿ ತೋಪು ಹಾರಿಸುವಂತಿಲ್ಲ, ಒಪ್ಪದಿದ್ದರೆ ಅವನ ಸರದಾರರ ಉತ್ಸಾಹ ಒಂದು ಅಂಕ ಕುಗ್ಗುತ್ತದೆ. ಸುತ್ತಲಿನ ಗುಡ್ಡಗಳಿಗೆ ಹೋಗಿ, ಯಾವ ಕಣಿವೆಯಿಂದ ಕತ್ತಲಲ್ಲಿ ಇಳಿಯಬಹುದೆಂದು ನಡೆದು ನೋಡಿದ ಮೇಲೆಯೇ ಹಲಗೆಯ ಅಂಚುಗಳನ್ನು ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸಿ.